‘ಕಾಲು ಜಾರಿ ಬಿದ್ದು...’: ಮಕ್ಕಳು ನೀರುಪಾಲಾಗುವುದು ಹೇಗೆ, ತಡೆಯುವುದು ಹೇಗೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಡುತ್ತಾರೆ. ಅದಾಗಿ ಕೆಲವೇ ದಿನಕ್ಕೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಸುದ್ದಿ ಬರುತ್ತದೆ. ಇಬ್ಬರು ಬಾಲಕರು, ಒಂದು ಕೃಷಿ ಹೊಂಡ. ಇನ್ನೊಂದು ವಾರಕ್ಕೆ ಇನ್ನೊಂದು ತಾಲ್ಲೂಕಿನಿಂದ ಅದೇ ಸುದ್ದಿ. ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಮೂರು ಪದ ಮಾತ್ರ ಬದಲಾಗುವುದಿಲ್ಲ: ‘ಕಾಲು ಜಾರಿ ಬಿದ್ದು’.

ಓದಿದವರು ‘ಅಯ್ಯೋ ಪಾಪ’ ಅಂದು ಪುಟ ತಿರುವುತ್ತಾರೆ. ಕಾಲು ಜಾರಿದ್ದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ, ಅಲ್ವಾ?

ಆದರೆ ಆ ಮೂರು ಪದ ಬಹಳಷ್ಟನ್ನು ಮುಚ್ಚಿಡುತ್ತವೆ. ಕಾಲು ಯಾಕೆ ಜಾರಿತು? ಜಾರಿದ ಮೇಲೆ ಹತ್ತಿ ಬರಲು ಯಾಕೆ ಆಗಲಿಲ್ಲ? ಹತ್ತಿರದ ಹೊಲದಲ್ಲೇ ಇದ್ದವರಿಗೆ ಯಾಕೆ ಕೇಳಿಸಲಿಲ್ಲ? ಒಬ್ಬ ಬಿದ್ದರೆ ಇಬ್ಬರು ಯಾಕೆ ಹೋದರು? ಪ್ರತಿಯೊಂದಕ್ಕೂ ಉತ್ತರ ಇದೆ. ತಡೆಯುವ ದಾರಿಯೂ ಆ ಉತ್ತರಗಳಲ್ಲೇ ಇದೆ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. 1ರಿಂದ 4 ವರ್ಷದ ಮಕ್ಕಳ ಸಾವಿಗೆ ಇದು ನಾಲ್ಕನೇ ದೊಡ್ಡ ಕಾರಣ. 5ರಿಂದ 14 ವರ್ಷದವರಲ್ಲಿ ಮೂರನೇ ದೊಡ್ಡ ಕಾರಣ. ಮಕ್ಕಳಿಗೆ ಡೆಂಗಿ ಬಂದೀತು ಅಂತ ನಾವು ಹೆದರುತ್ತೇವೆ, ಹೆದರಬೇಕಾದದ್ದೇ. ಆದರೆ ಮನೆ ಹಿಂದಿನ ನೀರಿನ ತೊಟ್ಟಿ ನೋಡಿ ಹೆದರುವವರು ಕಡಿಮೆ.

ಸದ್ದಿಲ್ಲದ ಒಂದು ನಿಮಿಷ

ಸಿನಿಮಾದಲ್ಲಿ ಮುಳುಗುವವರು ಕೈ ಮೇಲೆತ್ತಿ ಬೀಸುತ್ತಾರೆ. ‘ಕಾಪಾಡಿ, ಕಾಪಾಡಿ’ ಅಂತ ಕೂಗುತ್ತಾರೆ. ನಿಜವಾಗಿ ಮುಳುಗುತ್ತಿರುವ ಮಗು ಇದೆರಡನ್ನೂ ಮಾಡುವುದಿಲ್ಲ. ಮಾಡಲು ಅದಕ್ಕೆ ಆಗುವುದಿಲ್ಲ.

ಕೂಗಬೇಕಾದರೆ ಮೊದಲು ಉಸಿರು ಎಳೆದುಕೊಳ್ಳಬೇಕು. ಮುಳುಗುವವರ ಬಾಯಿ ನೀರಿನ ಮಟ್ಟದಲ್ಲಿ ಒಂದು ಕ್ಷಣ ಮೇಲೆ, ಒಂದು ಕ್ಷಣ ಕೆಳಗೆ ಇರುತ್ತದೆ. ಮೇಲೆ ಬಂದ ಆ ಕ್ಷಣ ಉಸಿರು ಬಿಟ್ಟು ಎಳೆದುಕೊಳ್ಳುವುದಕ್ಕೇ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳದ್ದೂ ಇದೇ ಕಥೆ. ಅವು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬಾಯಿಯನ್ನು ಹೇಗಾದರೂ ಮೇಲೆತ್ತುವುದಕ್ಕೆ. ಕೈ ಬೀಸು ಅಂದರೆ ಬೀಸಲು ಆಗದು. ಕಾಲುಗಳು ಹೆಚ್ಚು ಆಡುವುದಿಲ್ಲ. ಮೈ ನೀರಲ್ಲಿ ನೆಟ್ಟಗೆ ನಿಂತಂತೆ ಕಾಣುತ್ತದೆ. ದೂರದಿಂದ ನೋಡಿದವರಿಗೆ ಮಗು ಸುಮ್ನೆ ಆಟ ಆಡುತ್ತಿದೆ ಅನ್ನಿಸುತ್ತದೆ.

ನ್ಯೂಯಾರ್ಕಿನ ಸಮುದ್ರ ತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾನ್ಸೆಸ್ಕೊ ಪಿಯಾ 1970ರ ದಶಕದಲ್ಲಿ ಇದನ್ನು ಗಮನಿಸಿ ವಿವರಿಸಿದರು. ಈ ಹೋರಾಟ 20ರಿಂದ 60 ಸೆಕೆಂಡು ನಡೆಯುತ್ತದೆ ಅಂದರು. ಆಮೇಲೆ ತಲೆ ಒಳಗೆ ಹೋಗುತ್ತದೆ. ಒಂದು ಫೋನ್ ಕರೆಗೆ ‘ಹಲೋ, ಹೇಳಿ, ಊಟ ಆಯ್ತಾ’ ಅನ್ನುವುದರೊಳಗೆ ಎಲ್ಲ ಮುಗಿದಿರುತ್ತದೆ.

ಒಳಗೆ ಏನಾಗುತ್ತದೆ? ಮೊದಲು ಮಗು ಉಸಿರು ಬಿಗಿಹಿಡಿಯುತ್ತದೆ. ಹಿಡಿದಿಡಲು ಆಗದೆ ಹೋದಾಗ ನೀರು ಗಂಟಲಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಂತ ಲೀಟರ್‌ಗಟ್ಟಲೆ ನೀರೇನೂ ಹೋಗಬೇಕಿಲ್ಲ. ಸ್ವಲ್ಪ ಹೋದರೂ ಶ್ವಾಸಕೋಶದಲ್ಲಿ ಗಾಳಿ ಬೆರೆಯುವ ಕೆಲಸ ಕೆಡುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಆಮ್ಲಜನಕ ಇಲ್ಲದ ಮಿದುಳಿಗೆ 4ರಿಂದ 6 ನಿಮಿಷದಲ್ಲಿ ಸರಿಮಾಡಲಾಗದ ಹಾನಿ ಶುರುವಾಗುತ್ತದೆ. ಈ ನಾಲ್ಕು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹೊಂಡ ಕೆರೆಯಲ್ಲ, ಬಾವಿಯೂ ಅಲ್ಲ

ಮಳೆ ನಂಬಿದ ರೈತರಿಗೆ ಕೃಷಿ ಹೊಂಡ ನಿಜವಾಗಿಯೂ ದೊಡ್ಡ ಆಸರೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಲಕ್ಷಕ್ಕೂ ಮೀರಿ ಹೊಂಡಗಳಾಗಿವೆ. ಓಡುವ ಮಳೆ ನೀರನ್ನು ಹಿಡಿದಿಟ್ಟು, ಬೆಳೆ ಒಣಗುವ ಹೊತ್ತಿಗೆ ಕೊಡುವುದು ಇದರ ಕೆಲಸ. ಹೊಂಡವೇ ಬೇಡ ಅನ್ನುವುದು ಈ ಲೇಖನದ ಮಾತಲ್ಲ. ಅದರ ಆಕಾರವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ.

10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ ಅನ್ನುವುದು ಯೋಜನೆಯ ಚಿಕ್ಕ ಅಳತೆ. 21 ಮೀಟರ್ ತನಕ ಅಗಲದ ಹೊಂಡಗಳೂ ಇವೆ, ಆಳ ಮಾತ್ರ ಅದೇ 3 ಮೀಟರ್. ಅಂದರೆ ಹತ್ತು ಅಡಿ. ಇಬ್ಬರು ಹುಡುಗರು ಒಬ್ಬರ ಮೇಲೊಬ್ಬರು ನಿಂತರೂ ಮುಳುಗುವಷ್ಟು. ಬದಿಗಳು ಸಾಮಾನ್ಯವಾಗಿ 45 ಡಿಗ್ರಿ ಆಸುಪಾಸಿನ ಇಳಿಜಾರು. ನೀರು ಇಂಗಬಾರದು ಅಂತ ಮಣ್ಣಿನ ಮೇಲೆ ಪಾಲಿಥೀನ್ ಹಾಳೆ ಹಾಸಿರುತ್ತಾರೆ.

ಕೆರೆಗೆ ಇಳಿದರೆ ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಸೊಂಟ ನೆನೆಯುತ್ತದೆ. ಆಳ ನಿಧಾನವಾಗಿ ಬರುತ್ತದೆ, ಹಿಂದಕ್ಕೆ ಹೆಜ್ಜೆ ಇಡಲು ಸಮಯ ಇರುತ್ತದೆ. ಹೊಂಡದಲ್ಲಿ ಒಂದು ಅಡಿ ಮುಂದೆ ಹೋದರೆ ಒಂದು ಅಡಿ ಆಳ. ನಾಲ್ಕು ಅಡಿ ಮುಂದೆ ಹೋದರೆ ಎಂಟು ವರ್ಷದ ಮಗುವಿನ ಮೂಗಿನ ತನಕ ನೀರು. ಹಳೇ ಬಾವಿಯಲ್ಲಿ ಮೆಟ್ಟಿಲಿರುತ್ತದೆ, ಇಲ್ಲದಿದ್ದರೆ ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಬಹುದು, ಗೋಡೆಯಿಂದ ಹೊರಟ ಆಲದ ಬೇರಾದರೂ ಕೈಗೆ ಸಿಗುತ್ತದೆ. ಹೊಂಡದಲ್ಲಿ ಹಿಡಿಯಲು ಏನೂ ಇಲ್ಲ. ನಾಲ್ಕೂ ಕಡೆ ಬರೀ ಪ್ಲಾಸ್ಟಿಕ್.

ಎಷ್ಟೋ ಹೆಂಚಿನ ಮಾಡುಗಳೂ ಇಷ್ಟು ಕಡಿದಾಗಿರುವುದಿಲ್ಲ. ಅಂಥ ಮಾಡಿನ ಮೇಲೆ ಪ್ಲಾಸ್ಟಿಕ್ ಹಾಸಿ, ನೀರು ಹೊಯ್ದು, ಪಾಚಿ ಬೆಳೆಯಲು ಬಿಟ್ಟು, ಬರಿಗಾಲಲ್ಲಿ ಹತ್ತಿ ಅಂದರೆ ದೊಡ್ಡವರಿಗೂ ಆಗದು.

ಇನ್ನೊಂದು ಸೂಕ್ಷ್ಮ ಇದೆ, ಇದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ನೆಲದ ಮೇಲೆ ನಡೆಯುವಾಗ ಕಾಲಿಗೆ ಹಿಡಿತ ಸಿಗುವುದು ನಮ್ಮ ಭಾರದಿಂದ. ಪಾದ ನೆಲವನ್ನು ಒತ್ತುತ್ತದೆ, ಅದಕ್ಕೇ ಜಾರುವುದಿಲ್ಲ. ನೀರಿಗೆ ಇಳಿದ ಕೂಡಲೇ ಮೈ ಹಗುರಾಗುತ್ತದೆ. ಎದೆಮಟ್ಟ ನೀರಲ್ಲಿ ಪಾದದ ಮೇಲೆ ಬೀಳುವ ಭಾರ ತುಂಬಾ ಕಡಿಮೆ. ಭಾರ ಇಲ್ಲದಿದ್ದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಹಿಡಿತ ಇಲ್ಲ. ಹೇಗೋ ಕಷ್ಟಪಟ್ಟು ಅರ್ಧ ಮೈ ನೀರಿನಿಂದ ಹೊರಗೆ ತಂದರೆ ಭಾರ ಒಮ್ಮೆಗೇ ವಾಪಸ್ ಬರುತ್ತದೆ, ಇಳಿಜಾರು ಮತ್ತೆ ಕೆಳಗೆ ಎಳೆಯುತ್ತದೆ. ಬಕೆಟ್ಟಿಗೆ ಬಿದ್ದ ಇಲಿಯನ್ನು ನೋಡಿದ್ದೀರಲ್ಲ? ಅದು ಈಜಬಲ್ಲದು. ಆದರೆ ನುಣ್ಣನೆ ಗೋಡೆ ಪರಚಿ ಪರಚಿ ಸುಸ್ತಾಗುತ್ತದೆ. ಹೊಂಡದಲ್ಲಿ ಈಜು ಬರುವ ಹುಡುಗರೂ ಹೋಗುವುದು ಹೀಗೇ. ಅವರನ್ನು ಸೋಲಿಸುವುದು ದಡ.

ತುಂಬಿದ ಹೊಂಡಕ್ಕಿಂತ ಅರ್ಧ ಖಾಲಿಯಾದ ಹೊಂಡ ಇನ್ನೂ ಕಷ್ಟ. ತುಂಬಿದ್ದರೆ ಕೈ ಚಾಚಿದಾಗ ಅಂಚಿನ ಮಣ್ಣೋ ಹುಲ್ಲೋ ಸಿಗಬಹುದು. ಬೇಸಿಗೆಯಲ್ಲಿ ನೀರು ಇಳಿದಿದ್ದರೆ ನೀರಿನಿಂದ ಅಂಚಿನ ತನಕ ಆರೇಳು ಅಡಿ ಪ್ಲಾಸ್ಟಿಕ್. ‘ಸ್ವಲ್ಪವೇ ನೀರಿದೆ ಬಿಡಿ’ ಅನ್ನುವ ಮಾತು ಇಲ್ಲಿ ಮೋಸ ಮಾಡುತ್ತದೆ.

ಒಬ್ಬನ ಹಿಂದೆ ಇನ್ನೊಬ್ಬ

ಇಂಥ ಸುದ್ದಿಗಳಲ್ಲಿ ಅಣ್ಣ–ತಮ್ಮ, ಅಕ್ಕ–ತಂಗಿ, ತಾಯಿ–ಮಗು ಜೊತೆಯಾಗಿ ಹೋದದ್ದು ಪದೇ ಪದೇ ಕಾಣುತ್ತದೆ. ಒಬ್ಬರು ಬೀಳುತ್ತಾರೆ, ಎತ್ತಲು ಇನ್ನೊಬ್ಬರು ಇಳಿಯುತ್ತಾರೆ. ಇಳಿದವರಿಗೂ ಅದೇ ಪ್ಲಾಸ್ಟಿಕ್. ಜೊತೆಗೆ, ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾರೆ, ಅದರ ಮೇಲೆ ಹತ್ತಲು ನೋಡುತ್ತಾರೆ. ಬೇಕಂತ ಅಲ್ಲ, ಮೈ ತಾನಾಗಿ ಹಾಗೆ ಮಾಡುತ್ತದೆ.

ಅದಕ್ಕೇ ಜೀವರಕ್ಷಕರು ಮೊದಲು ಕಲಿಸುವ ಪಾಠ ‘ಇಳಿಯಬೇಡ, ಎಸೆ’. ಸೀರೆ, ವೇಲು, ಪಂಚೆ, ಹಗ್ಗ, ಬಿದಿರಿನ ಗಳ, ಏನಾದರೂ ಸರಿ. ನೀವು ನೆಲದ ಮೇಲೆ ಮಲಗಿ ಅಥವಾ ಕೂತು, ಒಂದು ತುದಿ ಹಿಡಿದು ಇನ್ನೊಂದು ಕೊಡಿ. ನಿಂತುಕೊಂಡು ಎಳೆದರೆ ನೀವೇ ಒಳಗೆ.

ತೇಲುವ ವಸ್ತು ಎಸೆದರೂ ಆಗುತ್ತದೆ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಪೂರ್ತಿ ಮುಳುಗಿದಾಗ ಸುಮಾರು 5 ಕೆ.ಜಿ. ಭಾರವನ್ನು ಮೇಲೆ ಹಿಡಿಯುತ್ತದೆ. ಇಷ್ಟೇನಾ ಅನ್ನಬೇಡಿ. ನೀರೊಳಗಿನ ಮೈ ಹೆಚ್ಚೂ ಕಡಿಮೆ ತಾನೇ ತೇಲುವಷ್ಟು ಹಗುರ. ಆಸರೆ ಬೇಕಾಗಿರುವುದು ತಲೆಯನ್ನು ಮೇಲೆ ಹಿಡಿಯಲು ಮಾತ್ರ, ಅದಕ್ಕೆ ಈ ಕ್ಯಾನು ಸಾಕು. ಮೊದಲೆಲ್ಲ ಈಜು ಕಲಿಯುವ ಹುಡುಗರ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರಲ್ಲ, ಅದರ ಲೆಕ್ಕವೂ ಇದೇ. ಪ್ಲಾಸ್ಟಿಕ್ ಕೊಡವೂ ನಡೆಯುತ್ತದೆ, ಆದರೆ ಬಾಯಿ ಕೆಳಗಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ತುಂಬಿಕೊಳ್ಳುತ್ತದೆ.

ಈ ಪಾಠ ದೊಡ್ಡವರಿಗಿಂತ ಮಕ್ಕಳಿಗೇ ಜಾಸ್ತಿ ಬೇಕು. ಗೆಳೆಯ ಬಿದ್ದಾಗ ಪಕ್ಕದಲ್ಲಿ ಇರುವವರು ಅವರೇ.

ಸೊಳ್ಳೆಗೆ ಯಾರೂ ಬುದ್ಧಿ ಹೇಳುವುದಿಲ್ಲ

ಮಲೇರಿಯಾ ಬಂದಾಗ ನಾವೇನು ಮಾಡುತ್ತೇವೆ? ನಿಂತ ನೀರು ಚೆಲ್ಲುತ್ತೇವೆ, ಸೊಳ್ಳೆ ಪರದೆ ಕಟ್ಟುತ್ತೇವೆ, ಜ್ವರಕ್ಕೆ ಔಷಧಿ ಕೊಡುತ್ತೇವೆ. ‘ಜೋಪಾನವಾಗಿರು, ಸೊಳ್ಳೆ ಕಚ್ಚಿಸಿಕೊಳ್ಳಬೇಡ’ ಅಂತ ಮಗುವಿಗೆ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಪೆಟ್ಟು, ಸುಟ್ಟಗಾಯ, ಮುಳುಗುವಿಕೆ ಇವುಗಳ ವಿಷಯದಲ್ಲಿ ಮಾತ್ರ ನಮ್ಮ ಪೂರ್ತಿ ಯೋಜನೆ ಬೈಗುಳದಲ್ಲೇ ಮುಗಿಯುತ್ತದೆ.

ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಈ ಯೋಚನೆಯನ್ನು ಬದಲಿಸಿದವರು. 1966ರಲ್ಲಿ ಆ ದೇಶದ ರಸ್ತೆ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರಾದರು. ಗಾಯವನ್ನೂ ರೋಗದ ಹಾಗೆಯೇ ಬಿಡಿಸಿ ನೋಡಬಹುದು ಅನ್ನುವುದು ಅವರ ವಾದ. ಅವರು ಒಂದು ಚೌಕಟ್ಟು ಮಾಡಿದರು. ಅದರಲ್ಲಿ ಮೂರು ಕಾಲ: ಘಟನೆಗೆ ಮೊದಲು, ಘಟನೆ ಆಗುವಾಗ, ಆದ ಮೇಲೆ. ಪ್ರತಿ ಕಾಲದಲ್ಲೂ ಕೇಳಬೇಕಾದದ್ದು: ವ್ಯಕ್ತಿಯಲ್ಲಿ ಏನು ಬದಲಿಸಬಹುದು, ಪೆಟ್ಟು ಕೊಡುವ ವಸ್ತುವಿನಲ್ಲಿ ಏನು, ಸುತ್ತಲಿನ ಜಾಗದಲ್ಲಿ ಏನು?

ಹೊಂಡಕ್ಕೆ ಇದನ್ನು ಹಾಕಿ ನೋಡಿ. ಬೀಳುವ ಮೊದಲು ಮಗುವನ್ನು ನೋಡಿಕೊಳ್ಳುವವರು ಇರಬೇಕು, ಹೊಂಡಕ್ಕೆ ಬೇಲಿ ಇರಬೇಕು. ಬಿದ್ದಾಗ ಮಗುವಿಗೆ ತೇಲಲು ಬರಬೇಕು, ಕೈಗೆ ಹಗ್ಗ ಸಿಗಬೇಕು. ಎತ್ತಿದ ಮೇಲೆ ಉಸಿರು ಕೊಡಲು ಬರುವವರು ಊರಲ್ಲಿ ಇರಬೇಕು. ‘ಹೊಂಡದ ಹತ್ತಿರ ಹೋಗಬೇಡ’ ಅನ್ನುವ ಮಾತು ಮೂರು ಕಾಲ, ಮೂರು ಪ್ರಶ್ನೆ ಅಂದರೆ ಒಂಬತ್ತು ಮನೆಗಳ ಈ ಚೌಕಟ್ಟಿನಲ್ಲಿ ಒಂದೇ ಒಂದು ಮನೆ ತುಂಬುತ್ತದೆ. ಅದೂ ಮಗುವಿನ ನೆನಪಿನ ಮೇಲೆ ನಿಂತ ಮನೆ. ಮೇ ತಿಂಗಳ ಬಿಸಿಲಲ್ಲಿ, ನಾಲ್ಕು ಗೆಳೆಯರು ಕರೆಯುತ್ತಿರುವಾಗ, ಹತ್ತು ವರ್ಷದ ಹುಡುಗನಿಗೆ ಆ ಮಾತು ನೆನಪಾಗಬೇಕು. ಬೇಲಿಗೆ ಆ ತೊಂದರೆ ಇಲ್ಲ. ಅದು ಯಾವ ದಿನವೂ ಮರೆಯುವುದಿಲ್ಲ.

ಬೇಲಿ ಮತ್ತು ಹಗ್ಗ

ಬೇಲಿ ನಾಲ್ಕೂ ಕಡೆ ಇರಬೇಕು. ಮೂರು ಕಡೆ ಕಟ್ಟಿ, ನಾಲ್ಕನೇ ಕಡೆ ‘ಮನೆ ಇದೆಯಲ್ಲ’ ಅಂತ ಬಿಟ್ಟರೆ ಮಗು ಬರುವುದೇ ಆ ಕಡೆಯಿಂದ. ಆಸ್ಟ್ರೇಲಿಯಾದಲ್ಲಿ ಮನೆಯ ಈಜುಕೊಳಕ್ಕೆ ಬೇಲಿ ಕಾನೂನಿನಿಂದಲೇ ಕಡ್ಡಾಯ. ಎತ್ತರ ಸಾಮಾನ್ಯವಾಗಿ 1.2 ಮೀಟರ್, ಅಂದರೆ ನಾಲ್ಕು ಅಡಿ. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಚಿಕ್ಕ ಮಕ್ಕಳ ಕೈಗೆ ಎಟುಕಬಾರದು. ಬೇಲಿ ಪಕ್ಕ ಕಲ್ಲು, ಡ್ರಮ್ಮು, ಪೈಪಿನ ರಾಶಿ ಇಡಬಾರದು, ಅದೇ ಏಣಿಯಾಗುತ್ತದೆ.

ಕೃಷಿ ಭಾಗ್ಯ ಯೋಜನೆಯನ್ನು 2023–24ರಲ್ಲಿ ಮತ್ತೆ ಶುರು ಮಾಡಿದಾಗ ಹೊಂಡದ ಸುತ್ತಲಿನ ತಂತಿ ಬೇಲಿಯನ್ನೂ ಅದರ ಒಂದು ಭಾಗವಾಗಿ ಸೇರಿಸಲಾಯಿತು. ವಿವರ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ತೋಡಿದ ಬೇಲಿ ಇಲ್ಲದ ಹೊಂಡಗಳು ಇನ್ನೂ ಊರೂರಲ್ಲಿ ಇವೆ. ತಂತಿ ಬೇಲಿಗೆ ದುಡ್ಡಿಲ್ಲದಿದ್ದರೆ ಮುಳ್ಳಿನ ಬೇಲಿ, ಕತ್ತಾಳೆ ಸಾಲು ಏನಾದರೂ ಸರಿ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು.

ಹಗ್ಗ ಇದಕ್ಕಿಂತಲೂ ಅಗ್ಗ. ಬೇಲಿ ಹಾಕಿದವರೂ ಹಗ್ಗ ಬಿಡಬಾರದು. ಹೊಂಡದ ದಂಡೆಯ ಮೇಲೆ ಗಟ್ಟಿಯಾದ ಗೂಟ ಅಥವಾ ಕಲ್ಲುಕಂಬ ನೆಟ್ಟು, ದಪ್ಪ ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿ ತಳ ಮುಟ್ಟುವ ಹಾಗೆ ನೀರಿಗೆ ಇಳಿಬಿಡಬೇಕು. ಅಡಿಗೊಂದು ಗಂಟು ಹಾಕಬೇಕು. ಗಂಟಿಲ್ಲದ ಒದ್ದೆ ಹಗ್ಗ ಕೈಯಲ್ಲಿ ಜಾರುತ್ತದೆ. ಒಂದೇ ಕಡೆ ಸಾಲದು, ನಾಲ್ಕೂ ಬದಿಗೆ ಒಂದೊಂದು ಇರಲಿ. ಮುಳುಗುತ್ತಿರುವ ಮಗು ಹೊಂಡದ ಆಚೆ ಬದಿಗೆ ಹೋಗಿ ಹಗ್ಗ ಹುಡುಕಲಾರದು. ಹಳೇ ಟೈರುಗಳನ್ನು ಸಾಲಾಗಿ ಕಟ್ಟಿ ಇಳಿಬಿಟ್ಟರೆ ಏಣಿಯೇ ಆಯಿತು. ಗಾಳಿ ತುಂಬಿದ ಟ್ಯೂಬು ಒಂದನ್ನು ನೀರಲ್ಲಿ ತೇಲಲು ಬಿಡುವವರೂ ಇದ್ದಾರೆ, ಒಳ್ಳೆಯದೇ. ಆದರೆ ಅದೇ ಆಟದ ಸಾಮಾನಾಗಿ ಮಕ್ಕಳನ್ನು ಕರೆಯದ ಹಾಗೆ ನೋಡಿಕೊಳ್ಳಬೇಕು. ಬಿಸಿಲಿಗೆ ನೈಲಾನ್ ಹಗ್ಗವೂ ಪುಡಿಯಾಗುತ್ತದೆ. ವರ್ಷಕ್ಕೊಮ್ಮೆ, ರಜೆ ಶುರುವಾಗುವ ಮೊದಲು, ಜೋತುಬಿದ್ದು ಪರೀಕ್ಷೆ ಮಾಡಿ ಬೇಕಾದರೆ ಬದಲಿಸಿ.

ಪುಟ್ಟ ಮಕ್ಕಳಿಗೆ ಬಕೆಟ್ಟೇ ಬಾವಿ

ನಮ್ಮ ಮನೆ ಹತ್ತಿರ ಹೊಂಡವೂ ಇಲ್ಲ, ಕೆರೆಯೂ ಇಲ್ಲ ಅನ್ನುವವರು ಬಚ್ಚಲು ಮನೆ ನೋಡಿಕೊಳ್ಳಿ. ಒಂದೆರಡು ವರ್ಷದ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಬಕೆಟ್ಟಿನೊಳಗೆ ಬಗ್ಗಿ ನೋಡಿದರೆ ತಲೆ ಮೊದಲು ಹೋಗುತ್ತದೆ, ಕಾಲು ಮೇಲಾಗುತ್ತದೆ. ತನ್ನ ಮೈಯನ್ನು ಎತ್ತಿಕೊಳ್ಳುವಷ್ಟು ಬಲ ಕೈಗಳಲ್ಲಿ ಇರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಸಾಕು, ಕೆಲವೇ ಅಂಗುಲ.

ಪರಿಹಾರ ಸುಲಭ: ಸ್ನಾನ ಆದ ಮೇಲೆ ಬಕೆಟ್ ಬೋರಲು ಹಾಕಿ. ಡ್ರಮ್ಮಿಗೆ ಮುಚ್ಚಳ, ನೆಲದಡಿಯ ನೀರಿನ ಸಂಪಿನ ಮುಚ್ಚಳಕ್ಕೆ ಬೀಗ. ಟ್ಯಾಂಕರಿನವರು ನೀರು ಬಿಟ್ಟು ಹೋದ ಮೇಲೆ ಸಂಪಿನ ಮುಚ್ಚಳ ತೆರೆದೇ ಇರುವುದು ಬೆಂಗಳೂರಲ್ಲಿ ಹೊಸದಲ್ಲ. ಕಟ್ಟಡ ಕೆಲಸ ನಡೆಯುವ ಜಾಗಗಳಂತೂ ಇನ್ನೂ ಕಷ್ಟ. ಹೊಸ ಕಾಂಕ್ರೀಟಿಗೆ ನೀರುಣಿಸಲು (ಕ್ಯೂರಿಂಗ್) ತುಂಬಿಟ್ಟ ತೊಟ್ಟಿ, ಮಳೆ ನೀರು ನಿಂತ ಲಿಫ್ಟ್ ಗುಂಡಿ, ಅದರ ಪಕ್ಕದಲ್ಲೇ ಕಾರ್ಮಿಕರ ಶೆಡ್ಡು. ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿ, ಮಗುವನ್ನು ನೋಡಿಕೊಳ್ಳುವುದು ಆರು ವರ್ಷದ ಅಕ್ಕ.

ಇಲ್ಲಿ ಬಾಂಗ್ಲಾದೇಶದಿಂದ ಕಲಿಯುವುದಿದೆ. ಕೆರೆ ಕುಂಟೆಗಳಿಂದ ತುಂಬಿದ ದೇಶ ಅದು. ಪುಟ್ಟ ಮಕ್ಕಳು ಮುಳುಗುವುದು ಹೆಚ್ಚಾಗಿ ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ ಅಂತ ಅಲ್ಲಿ ಗೊತ್ತಾಯಿತು. ಅಡುಗೆ, ಬಟ್ಟೆ, ದನಕರು ಅಂತ ತಾಯಿ ಓಡಾಡುವ ಹೊತ್ತು ಅದು. ಬೇಜವಾಬ್ದಾರಿ ಅಲ್ಲ, ಎರಡೇ ಕೈ. ಆ ಹೊತ್ತಿಗೆ ಸರಿಯಾಗಿ ಊರೊಳಗೇ ಒಂದು ಮನೆಯಲ್ಲಿ, ತರಬೇತಿ ಪಡೆದ ಊರಿನ ಹೆಂಗಸರೇ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಹೆಸರು ‘ಆಂಚಲ್’, ಅಂದರೆ ಸೆರಗು. ಅಲ್ಲಿಗೆ ಹೋದ ಮಕ್ಕಳಲ್ಲಿ ಮುಳುಗಿ ಸಾಯುವುದು 80%ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಬೇಲಿ ಹಾಕಲಾಗದಷ್ಟು ನೀರಿರುವ ಕಡೆ ಮಗುವಿನ ಸುತ್ತಲೇ ಬೇಲಿ ಹಾಕಿದ ಹಾಗೆ. ನಮ್ಮಲ್ಲಿ ಅಂಗನವಾಡಿಗಳು ಇವೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಶುರುವಾಗಿವೆ. ಅವನ್ನು ಮಾಡಿದ್ದು ಪೌಷ್ಟಿಕತೆ, ಕಲಿಕೆ, ತಾಯಂದಿರ ದುಡಿಮೆಯ ಸಲುವಾಗಿ. ಆದರೆ ಮಗು ಅಲ್ಲಿ ಇರುವಷ್ಟು ಹೊತ್ತು ನೀರಿನಿಂದಲೂ ದೂರ.

ಈಜು ಕಲಿಸಿದರೆ ಸಾಕಾ?

ಬಹಳ ಸಹಾಯವಾಗುತ್ತದೆ, ಆದರೆ ಅದೊಂದೇ ಸಾಲದು. ಅದೇ ಬಾಂಗ್ಲಾದೇಶದಲ್ಲಿ ದೊಡ್ಡ ಮಕ್ಕಳಿಗೆ ಊರ ಕೆರೆಯಲ್ಲೇ ಬಿದಿರಿನ ಕಟಕಟೆ ಕಟ್ಟಿ ಈಜು ಕಲಿಸಿದರು. 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ಇಷ್ಟೇ ಪರೀಕ್ಷೆ. ಕಲಿತವರಲ್ಲಿ ಸಾವು ತುಂಬಾ ಇಳಿಯಿತು. ಗಮನಿಸಿ, ಪದಕ ಗೆಲ್ಲುವ ಈಜು ಬೇಕಿಲ್ಲ. ಅಂಗಾತ ಮಲಗಿ ತೇಲುವುದು ಬಂದರೆ ಮೂಗು ಬಾಯಿ ಮೇಲಿರುತ್ತದೆ. ಉಸಿರಾಡಬಹುದು, ಉಸಿರಿದ್ದರೆ ಕೂಗಬಹುದು.

ಹೊಂಡದಲ್ಲಿ ಮಾತ್ರ ಈಜು ಕಲಿಸಬೇಡಿ, ಕಲಿತವರನ್ನೂ ಇಳಿಯಲು ಬಿಡಬೇಡಿ. ಕಾರಣ ಆಗಲೇ ಹೇಳಿದ್ದೇನೆ, ಬಕೆಟ್ಟಿನ ಇಲಿ.

ಕೆರೆಯಲ್ಲೂ ಹಳೇ ನಂಬಿಕೆ ಈಗ ನಡೆಯುವುದಿಲ್ಲ. ‘ನಾವು ಚಿಕ್ಕವರಿದ್ದಾಗ ಇದೇ ಕೆರೆಯಲ್ಲಿ ಆಡಿದವರು’ ಅನ್ನುತ್ತಾರೆ ಹಿರಿಯರು. ಅವರು ಆಡಿದ ಕೆರೆಯ ತಳ ಬಟ್ಟಲಿನ ಹಾಗಿತ್ತು. ಈಗ ಇಟ್ಟಿಗೆಗೆ, ರಸ್ತೆಗೆ, ತೋಟಕ್ಕೆ ಅಂತ ಜೆಸಿಬಿಯಿಂದ ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರಬಹುದು. ನೀರು ತುಂಬಿದ ಮೇಲೆ ಅದು ಕಾಣುವುದಿಲ್ಲ. ಮರಳು ತೆಗೆದ ಹೊಳೆ, ಕೈಬಿಟ್ಟ ಕಲ್ಲು ಕ್ವಾರಿ ಕೂಡ ಹೀಗೇ.

ಹದಿಹರೆಯ, ಹೊಳೆ, ಸಮುದ್ರ

ಹದಿನಾಲ್ಕು ದಾಟಿದ ಹುಡುಗರ ಕಥೆ ಬೇರೆ. ಅವರು ಮನೆಯಿಂದ ದೂರ, ಗುಂಪಾಗಿ, ಗೊತ್ತಿಲ್ಲದ ನೀರಿಗೆ ಹೋಗುತ್ತಾರೆ. ಮುತ್ತತ್ತಿ, ಬಲಮುರಿ, ಸಂಗಮದಂಥ ಕಡೆ ಕಾವೇರಿ ಮೇಲೆ ನೋಡಲು ಶಾಂತ. ಒಳಗೆ ಬಂಡೆ, ಬಂಡೆ ಪಕ್ಕ ಮಡು, ಮಡುವಲ್ಲಿ ಸುಳಿ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ನೋಡನೋಡುತ್ತಲೇ ಏರುತ್ತದೆ. ಸ್ಥಳೀಯರು ‘ಇಲ್ಲಿ ಇಳಿಯಬೇಡಿ’ ಅಂದರೆ ಅದು ಸುಮ್ನೆ ಹೆದರಿಸುವ ಮಾತಲ್ಲ.

ಸಮುದ್ರದ ಅಪಾಯ ಇನ್ನೂ ಮೋಸದ್ದು. ದಡಕ್ಕೆ ಬಡಿದ ಅಲೆಗಳ ನೀರು ವಾಪಸ್ ಹೋಗಬೇಕಲ್ಲ? ಅದು ಒಂದು ಕಿರಿದಾದ ದಾರಿ ಮಾಡಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಅಕ್ಕಪಕ್ಕಕ್ಕಿಂತ ಅದೇ ಶಾಂತವಾಗಿ ಕಾಣುತ್ತದೆ. ಬಯಲುಸೀಮೆಯಿಂದ ಪ್ರವಾಸಕ್ಕೆ ಬಂದವರು ಅಲ್ಲೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕವರು ದಡದ ಕಡೆ ನೇರ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮನಾಗಿ, ಅಡ್ಡಕ್ಕೆ ಈಜಿ ಆ ಕಿರಿದಾದ ಹರಿವಿನಿಂದ ಹೊರಬರಬೇಕು. ಅದಾಗದಿದ್ದರೆ ತೇಲುತ್ತಾ ಕೈ ಎತ್ತಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆ ತಾಯಿ ಒಂದು ಪ್ರಶ್ನೆ ಕೇಳಬಹುದು: ನೀರಿನ ಹತ್ತಿರ ಹೋದಾಗ ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು, ಅಲ್ಲಿ ಜೀವರಕ್ಷಕರು ಇದ್ದಾರಾ?

ಮೇಲೆತ್ತಿದ ಮೇಲೆ

ಆ ನಾಲ್ಕು ನಿಮಿಷ ಈಗ ಬಂತು. ಆಂಬುಲೆನ್ಸ್ ಅಷ್ಟರಲ್ಲಿ ಹಳ್ಳಿಗೆ ಬರುವುದು ಕಷ್ಟ. ಹಾಗಾಗಿ ಮಗುವಿನ ಮಿದುಳು ಉಳಿಯುವುದು ದಡದಲ್ಲಿ ನಿಂತವರ ಕೈಯಲ್ಲಿದೆ.

ಮೊದಲು ಏನು ಮಾಡಬಾರದು ಅಂತ ನೋಡೋಣ. ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಹೊಟ್ಟೆಯೊಳಗಿನ ನೀರು ಕೊಲ್ಲುವುದಿಲ್ಲ. ಅದನ್ನು ಒತ್ತಿದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು, ಬಳ್ಳಾರಿ, ಹಾವೇರಿ ಕಡೆ ನಡೆದು ಸುದ್ದಿಯಾದದ್ದು. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಇಟ್ಟರೆ ಜೀವ ಬರುತ್ತದೆ ಅನ್ನುವ ಮೊಬೈಲ್ ಸಂದೇಶ ನಂಬಿ, ಮನೆಯವರು ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿ ಕಾದರು. ಆ ತಂದೆ ತಾಯಿಯನ್ನು ನೋಡಿ ನಗುವ ಹಾಗಿಲ್ಲ. ಅವರ ಜಾಗದಲ್ಲಿ ನಾವಿದ್ದರೂ ಯಾವ ಹುಲ್ಲುಕಡ್ಡಿಯನ್ನೂ ಬಿಡುತ್ತಿರಲಿಲ್ಲ. ಆದರೆ ಉಪ್ಪಿಗೆ ಹೃದಯ ಬಡಿಸುವ ಶಕ್ತಿ ಇಲ್ಲ. ನಿಂತಿರುವುದು ಉಸಿರು, ಬೇಕಾಗಿರುವುದೂ ಉಸಿರೇ.

ಮಗುವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಎದೆ ಏರಿಳಿಯುತ್ತಿದೆಯಾ ನೋಡಿ. ಇಲ್ಲದಿದ್ದರೆ ಬಾಯೊಳಗೆ ಕೆಸರು, ಕಸ ಕಾಣುತ್ತಿದ್ದರೆ ತೆಗೆದು, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಮೂಗು ಮುಚ್ಚಿ, ನಿಮ್ಮ ಬಾಯಿಂದ ಮಗುವಿನ ಬಾಯಿಗೆ ಗಾಳಿ ಊದಿ, ಎದೆ ಏಳುವಷ್ಟು ಮಾತ್ರ. ಎರಡರಿಂದ ಐದು ಸಲ. ಹೃದಯಾಘಾತದಲ್ಲಿ ಎದೆ ಒತ್ತುವುದು ಮೊದಲು, ಮುಳುಗಿದವರಿಗೆ ಉಸಿರು ಮೊದಲು. ಇಲ್ಲಿ ಕೊರತೆ ಶುರುವಾದದ್ದೇ ಗಾಳಿಯಿಂದ.

ಆಗಲೂ ಉಸಿರಾಡದಿದ್ದರೆ ಎದೆಯ ನಡುವೆ ಅಂಗೈಯ ಬುಡ (ಮಣಿಕಟ್ಟಿನ ಹತ್ತಿರದ ಭಾಗ) ಇಟ್ಟು ಒತ್ತಿ. ಎದೆಯ ದಪ್ಪದ ಮೂರನೇ ಒಂದು ಭಾಗ ಕೆಳಗೆ ಹೋಗಬೇಕು, ಸುಮಾರು 5 ಸೆಂಟಿಮೀಟರ್. ನಿಮಿಷಕ್ಕೆ 100ರಿಂದ 120ರ ವೇಗ. ಪುಟ್ಟ ಮಗುವಿಗೆ ಒಂದು ಕೈ ಸಾಕು, ಹಸುಗೂಸಾದರೆ ಎರಡೂ ಕೈಯಿಂದ ಎದೆ ಬಳಸಿ ಹಿಡಿದು ಎರಡು ಹೆಬ್ಬೆರಳಿಂದ ಒತ್ತಿ. 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ಬೇಗ ಸುಸ್ತಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿಕೊಳ್ಳಿ. ಮಗು ಉಸಿರಾಡುವ ತನಕ ಅಥವಾ ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವ ತನಕ ನಿಲ್ಲಿಸಬೇಡಿ.

ಉಸಿರು ಬಂದರೆ ಪಕ್ಕಕ್ಕೆ ವಾಲಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ. ಮಗು ಎದ್ದು ಕೂತು ‘ಏನೂ ಆಗಿಲ್ಲ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗೆ ಹೋದ ನೀರಿನಿಂದ ಶ್ವಾಸಕೋಶ ಊದಿಕೊಂಡು, ಮುಂದಿನ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು ಶುರುವಾಗಬಹುದು. ಅದಕ್ಕೇ ವೈದ್ಯರು ಸ್ವಲ್ಪ ಹೊತ್ತು ಇಟ್ಟುಕೊಂಡು ನೋಡುತ್ತಾರೆ. ಮಗು ಎಷ್ಟು ಹೊತ್ತು ನೀರೊಳಗಿತ್ತು, ಎತ್ತಿದಾಗ ಉಸಿರಿತ್ತಾ, ಊದಲು ಯಾವಾಗ ಶುರು ಮಾಡಿದಿರಿ, ಇವನ್ನೆಲ್ಲ ಅವರು ಕೇಳುತ್ತಾರೆ. ದಡದಲ್ಲಿದ್ದವರಲ್ಲಿ ಒಬ್ಬರಾದರೂ ಗಡಿಯಾರ ನೋಡಿಕೊಂಡಿದ್ದರೆ ಒಳ್ಳೆಯದು.